ಮರ ಎಣಿಸಿದರೆ ಕಾಡಿನ ಲೆಕ್ಕ ಮುಗಿಯುವುದಿಲ್ಲ

ಹಳ್ಳದ ಬದಿಯ ಅತ್ತಿಮರದ ಕೆಳಗೆ ಬಿದ್ದ ಒಂದು ಹಣ್ಣು ಎತ್ತಿಕೊಂಡು ಎರಡು ಹೋಳು ಮಾಡಿ ನೋಡಿ. ಹೊರಗೆ ಕೆಂಪಗೆ, ನುಣ್ಣಗೆ ಇರುತ್ತದೆ. ಒಳಗೆ ಇರುವೆಗಿಂತ ಚಿಕ್ಕ ಹುಳುಗಳು. ಕೆಲವು ಸತ್ತು ಅಂಟಿಕೊಂಡಿರುತ್ತವೆ, ಒಂದೆರಡು ರೆಕ್ಕೆ ಬಿಚ್ಚಿ ಹಾರಿಯೂ ಹೋಗುತ್ತವೆ. ಚಿಕ್ಕವನಿದ್ದಾಗ ನಾವು ಅವನ್ನು ಊದಿ, ಹಣ್ಣು ಕೊಡವಿ ತಿನ್ನುತ್ತಿದ್ದೆವು. ನೋಡಲು ಚೆಂದ, ಒಳಗೆಲ್ಲ ಹುಳುಕು ಎಂದು ಯಾರನ್ನಾದರೂ ಬೈಯಬೇಕಾದರೆ ಮನೆಯಲ್ಲಿ ದೊಡ್ಡವರು ಅತ್ತಿಹಣ್ಣನ್ನೇ ಹೋಲಿಕೆಗೆ ತರುತ್ತಿದ್ದರು.

ಈ ಹೋಲಿಕೆಯಿಂದ ಅತ್ತಿಗೆ ಅನ್ಯಾಯವಾಗಿದೆ ಎಂದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಆ ಹುಳು ಹಣ್ಣಿಗೆ ಬಿದ್ದ ಕೀಡೆಯಲ್ಲ. ಆ ಹುಳು ಬಂದಿದ್ದರಿಂದಲೇ ಅದು ಹಣ್ಣಾಗಿದ್ದು.

ಇದನ್ನು ಈಗ ಹೇಳಲು ಕಾರಣ ಇದೆ. ಪಶ್ಚಿಮ ಘಟ್ಟದಲ್ಲಿ ಒಂದು ರಸ್ತೆ ಅಗಲವಾಗಬೇಕು, ವಿದ್ಯುತ್ ಲೈನ್ ಹೋಗಬೇಕು, ಶರಾವತಿ ಕಣಿವೆಯಲ್ಲಿ ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ಹರಿಸಿ ವಿದ್ಯುತ್ ಮಾಡುವ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬರಬೇಕು ಅಂದಾಗ ಮೊದಲು ಕೇಳುವ ಪ್ರಶ್ನೆ ಒಂದೇ: ಎಷ್ಟು ಮರ ಹೋಗುತ್ತದೆ? ಪರವಾಗಿ ಮಾತಾಡುವವರೂ ಮರ ಎಣಿಸುತ್ತಾರೆ, ವಿರೋಧಿಸುವವರೂ ಮರ ಎಣಿಸುತ್ತಾರೆ. ಆಮೇಲೆ ಅಷ್ಟಕ್ಕೆ ಇಷ್ಟು ಗಿಡ ನೆಡುತ್ತೇವೆ ಎಂಬ ಭರವಸೆ ಬರುತ್ತದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಕಾಡಿನ ಜಾಗ ಬೇರೆ ಕೆಲಸಕ್ಕೆ ಹೋದರೆ ಬದಲಿಗೆ ಇನ್ನೊಂದು ಕಡೆ ಗಿಡ ಬೆಳೆಸಬೇಕು. ಅದಕ್ಕೆಂದು ಕಟ್ಟಿಸಿಕೊಂಡ ದುಡ್ಡನ್ನು ಹೇಗೆ ಖರ್ಚು ಮಾಡಬೇಕು ಅಂತ 2016ರಲ್ಲಿ ಇನ್ನೊಂದು ಕಾಯ್ದೆಯೂ ಬಂತು. ಭಾರತೀಯ ಅರಣ್ಯ ಸರ್ವೇಕ್ಷಣೆಯವರು ಎರಡು ವರ್ಷಕ್ಕೊಮ್ಮೆ ಕೊಡುವ ವರದಿಯಲ್ಲೂ ಇದೇ ಲೆಕ್ಕ. ಒಂದು ಹೆಕ್ಟೇರ್ ಜಾಗದಲ್ಲಿ ನೂರಕ್ಕೆ 10ರಷ್ಟು ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ. ಮರ ಯಾವುದು, ಅದು ಕಾಡೋ ತೋಟವೋ ಎಂದು ಕೇಳುವಂತಿಲ್ಲ.

ಈ ಲೆಕ್ಕದಲ್ಲಿ ಬಿಟ್ಟುಹೋಗುವುದು ಮರಕ್ಕೂ ಹುಳುವಿಗೂ ಇರುವ ನಂಟು. ಆ ನಂಟು ಎಷ್ಟು ಬಿಗಿ, ಎಷ್ಟು ಸೂಕ್ಷ್ಮ ಅಂತ ಅತ್ತಿಯಿಂದಲೇ ಶುರುಮಾಡಿ ನೋಡೋಣ.

ಅತ್ತಿಕಾಯಿ ನಿಜಕ್ಕೂ ಕಾಯಲ್ಲ, ಹೂವಿನ ಚೀಲ. ಸಾವಿರಾರು ಪುಟ್ಟ ಹೂಗಳು ಒಳಮುಖವಾಗಿ ಅರಳಿರುತ್ತವೆ. ತುದಿಯಲ್ಲಿ ಸೂಜಿಮೊನೆಯಷ್ಟು ಬಾಯಿ. ಆ ಬಾಯಿಗೂ ಒಂದರ ಮೇಲೊಂದು ಚಿಪ್ಪಿನಂಥ ಎಸಳು ಮುಚ್ಚಿರುತ್ತದೆ. ಜೇನ್ನೊಣಕ್ಕೆ, ಚಿಟ್ಟೆಗೆ ಅಲ್ಲಿ ಪ್ರವೇಶವೇ ಇಲ್ಲ. ಒಳಗೆ ಹೂ ತಯಾರಾದಾಗ ಕಾಯಿ ಒಂದು ವಾಸನೆ ಬಿಡುತ್ತದೆ. ಅದನ್ನು ಹಿಡಿದು ಬರುವುದು ಎರಡು ಮಿಲಿಮೀಟರ್ ಉದ್ದದ ಒಂದು ಹೆಣ್ಣು ಕಣಜ. ಸೆರಟೊಸೋಲೆನ್ ಫ್ಯೂಸಿಸೆಪ್ಸ್ ಅಂತ ಅದರ ಹೆಸರು. ಆ ಚಿಪ್ಪುಗಳ ನಡುವೆ ನುಸುಳುವಾಗ ಅದರ ರೆಕ್ಕೆ ಕಿತ್ತುಹೋಗುತ್ತದೆ. ಇನ್ನು ವಾಪಸ್ ಹೋಗುವ ಮಾತಿಲ್ಲ. ತಾನು ಹುಟ್ಟಿದ ಮರದಿಂದ ಎದೆಯ ಪುಟ್ಟ ಜೇಬಿನಲ್ಲಿ ತುಂಬಿ ತಂದ ಪರಾಗವನ್ನು ಕಾಲಿನಿಂದ ತೆಗೆದು ಹೂಗಳಿಗೆ ಸವರುತ್ತದೆ. ಕೆಲವು ಹೂಗಳಲ್ಲಿ ಮೊಟ್ಟೆ ಇಡುತ್ತದೆ. ಅಲ್ಲೇ ಸಾಯುತ್ತದೆ.

ಮೊಟ್ಟೆ ಬಿದ್ದ ಹೂವಿನಲ್ಲಿ ಮರಿ ಬೆಳೆಯುತ್ತದೆ, ಬೀಳದ ಹೂವಿನಲ್ಲಿ ಬೀಜ ಬಲಿಯುತ್ತದೆ. ಕೆಲವು ವಾರ ಕಳೆದ ಮೇಲೆ ಮೊದಲು ಗಂಡು ಕಣಜಗಳು ಹೊರಬರುತ್ತವೆ. ಅವಕ್ಕೆ ರೆಕ್ಕೆಯೇ ಇಲ್ಲ. ಹೆಣ್ಣುಗಳು ಇನ್ನೂ ತಮ್ಮ ಗೂಡಿನೊಳಗೆ ಇರುವಾಗಲೇ ಕೂಡುತ್ತವೆ. ಆಮೇಲೆ ಎಲ್ಲ ಸೇರಿ ಕಾಯಿಯ ಗೋಡೆ ಕೊರೆದು ಒಂದು ದಾರಿ ಮಾಡುತ್ತವೆ, ಸಾಯುತ್ತವೆ. ಹೆಣ್ಣುಗಳು ಅಷ್ಟರಲ್ಲಿ ಬಿರಿದ ಗಂಡುಹೂಗಳಿಂದ ಪರಾಗ ತುಂಬಿಕೊಂಡು ಆ ದಾರಿಯಲ್ಲಿ ಹೊರಗೆ ಹಾರುತ್ತವೆ. ನಾವು ಊದಿ ಹಾರಿಸುತ್ತಿದ್ದುದು ಇವನ್ನೇ.

ಹೊರಗೆ ಬಂದವಳಿಗೆ ಉಳಿದ ಆಯಸ್ಸು ಒಂದೆರಡು ದಿನ. ಅವಳು ಏನನ್ನೂ ತಿನ್ನುವುದಿಲ್ಲ. ಅಷ್ಟರೊಳಗೆ ಹೂ ತಯಾರಾದ ಇನ್ನೊಂದು ಅತ್ತಿಮರ ಹುಡುಕಬೇಕು. ತಾನು ಹುಟ್ಟಿದ ಮರ ಸಾಮಾನ್ಯವಾಗಿ ಪ್ರಯೋಜನಕ್ಕೆ ಬರುವುದಿಲ್ಲ. ಒಂದು ಮರದ ಕಾಯಿಗಳೆಲ್ಲ ಹೆಚ್ಚು ಕಡಿಮೆ ಒಟ್ಟಿಗೇ ಬಲಿಯುತ್ತವೆ, ಒಟ್ಟಿಗೇ ಹಣ್ಣಾಗುತ್ತವೆ. ಆದ್ದರಿಂದ ಬೇರೆ ಮರ ಬೇರೆ ಹೊತ್ತಿನಲ್ಲಿ ಕಾಯಿ ಬಿಟ್ಟಿರಲೇಬೇಕು. ಒಂದು ಸೀಮೆಯ ಅತ್ತಿಮರಗಳೆಲ್ಲ ಒಂದೇ ತಿಂಗಳಲ್ಲಿ ಹಣ್ಣಾಗಿಬಿಟ್ಟರೆ ಕಣಜದ ವಂಶ ಅಲ್ಲಿಗೆ ಮುಗಿಯಿತು, ಅತ್ತಿಯದೂ ಮುಗಿಯಿತು.

ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗುವುದು ಇದರ ಮುಂದಿನ ಭಾಗ. ಕಾಡಿನ ಬೇರೆ ಮರಗಳಿಗೆ ಹಣ್ಣಿನ ಕಾಲ ಅಂತ ಒಂದಿದೆ. ಅತ್ತಿ, ಆಲ, ಬಸರಿ, ಗೋಳಿ ಈ ಬಳಗಕ್ಕೆ ಹಾಗೆ ಒಂದೇ ಕಾಲವಿಲ್ಲ. ಬೇರೆಲ್ಲೂ ಹಣ್ಣು ಇಲ್ಲದ ತಿಂಗಳಲ್ಲೂ ಎಲ್ಲೋ ಒಂದು ಅತ್ತಿ, ಎಲ್ಲೋ ಒಂದು ಗೋಳಿ ಹಣ್ಣು ತುಂಬಿಕೊಂಡು ನಿಂತಿರುತ್ತದೆ. ದಾಂಡೇಲಿಯ ಮಂಗಟ್ಟೆ ಹಕ್ಕಿ, ಶರಾವತಿಯ ಸಿಂಗಳೀಕ, ಕೆಂದಳಿಲು, ಪುನುಗು ಬೆಕ್ಕು, ಬಾವಲಿ ಎಲ್ಲವೂ ಆ ತಿಂಗಳುಗಳನ್ನು ದಾಟುವುದು ಹೀಗೆ. ಕಣಜಕ್ಕೆ ಎರಡೇ ದಿನದ ಆಯಸ್ಸು ಇರುವುದರಿಂದ ಮಂಗಟ್ಟೆಗೆ ವರ್ಷವಿಡೀ ಊಟ ಸಿಗುತ್ತದೆ. ಹುಳುವಿನ ಅವಸರ ಇಡೀ ಕಾಡಿನ ಹೊಟ್ಟೆ ತುಂಬಿಸುತ್ತಿದೆ.

ಈ ಅತ್ತಿಯ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜೆಸ್ ಮತ್ತು ಅವರ ವಿದ್ಯಾರ್ಥಿಗಳು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಒಂದು ಅತ್ತಿಕಾಯಿಯ ಸುತ್ತ ಎಷ್ಟು ಜನ ಸೇರಿದ್ದಾರೆ ಅಂತ ಇಂಥ ಕೆಲಸದಿಂದ ತಿಳಿಯುತ್ತದೆ. ಪರಾಗ ಹೊರದೆ, ಹೊರಗೆ ನಿಂತೇ ಉದ್ದನೆಯ ಸೂಜಿಯಂಥ ಅಂಗದಿಂದ ಕಾಯಿ ಕೊರೆದು ಮೊಟ್ಟೆ ಇಡುವ ಪುಕ್ಕಟೆ ಕಣಜಗಳೂ ಇವೆ. ಅಂಥ ಒಂದು ಕಣಜದ ಸೂಜಿಯ ಹಲ್ಲಿನಲ್ಲಿ ಸತು ಸೇರಿಕೊಂಡಿದೆ, ಅದರಿಂದಲೇ ಗಟ್ಟಿ ಕಾಯಿಯನ್ನು ಕೊರೆಯಲು ಆಗುತ್ತದೆ ಎಂದು ಇದೇ ಸಂಸ್ಥೆಯ ಇಬ್ಬರು 2014ರಲ್ಲಿ ತೋರಿಸಿದರು. ಈ ಕಣಜಗಳನ್ನು ಹಿಡಿದು ತಿನ್ನಲು ಚಗಳಿ ಇರುವೆಗಳು ಕಾಯಿಯ ಮೇಲೇ ಓಡಾಡಿಕೊಂಡಿರುತ್ತವೆ. ಆಲ, ಅತ್ತಿ ಮತ್ತು ಅವುಗಳ ಕಣಜದ ಈ ಒಪ್ಪಂದ ಸುಮಾರು ಏಳೂವರೆ ಕೋಟಿ ವರ್ಷದಷ್ಟು ಹಳೆಯದು. ಜಗತ್ತಿನಲ್ಲಿ ಈ ಬಳಗದ ಮರಗಳು 750ಕ್ಕೂ ಜಾಸ್ತಿ. ಬಹುತೇಕ ಒಂದೊಂದಕ್ಕೂ ಅದರದ್ದೇ ಆದ ಕಣಜ ಇದೆ.

ಈಗ ರಸ್ತೆ ಅಗಲ ಮಾಡುವ ಲೆಕ್ಕಕ್ಕೆ ಬನ್ನಿ. ಘಟ್ಟದ ಹೆದ್ದಾರಿಯ ಬದಿಯಲ್ಲಿ ನಿಂತ ಹಳೆಯ ಅತ್ತಿ, ಗೋಳಿ, ಬಸರಿಗಳನ್ನು ಕಡಿದು ಒಂದಕ್ಕೆ ಹತ್ತು ಗಿಡ ನೆಟ್ಟರು ಅಂದುಕೊಳ್ಳಿ. ಸಂಖ್ಯೆ ಹತ್ತರಷ್ಟು ಆಯಿತು. ಆದರೆ ಕಣಜಕ್ಕೆ ಬೇಕಾದ ಸರಣಿಯಲ್ಲಿ ಒಂದು ತಿಂಗಳು ಕಳಚಿಕೊಂಡಿತು. ಮಾರ್ಚ್‌ನಲ್ಲಿ ಕಾಯಿ ಬಿಡುತ್ತಿದ್ದ ಮರ ಹೋದರೆ ಫೆಬ್ರುವರಿಯ ಮರದಿಂದ ಹೊರಟ ಕಣಜ ಎಲ್ಲಿಗೆ ಹೋಗಬೇಕು? ಗಾಳಿಯ ಮೇಲೆ ಅದು ಬಹಳ ದೂರ ತೇಲಿಹೋಗಬಲ್ಲದು, ನಿಜ. ಆದ್ದರಿಂದ ಒಂದು ಮರ ಹೋದ ಕೂಡಲೇ ಏನೂ ಆಗುವುದಿಲ್ಲ. ಹತ್ತನೆಯದೋ ಇಪ್ಪತ್ತನೆಯದೋ ಹೋದಾಗ ಆಗುತ್ತದೆ. ಯಾವ ಮರ ಕಡಿದಾಗ ಸರಣಿ ಹರಿಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಪ್ರತಿ ಯೋಜನೆಯೂ ತನ್ನ ಪಾಲಿನ ಮರಗಳನ್ನು ಮಾತ್ರ ಎಣಿಸುವುದರಿಂದ ಪ್ರತಿ ಯೋಜನೆಗೂ ತಾನು ಮಾಡಿದ್ದು ಸಣ್ಣ ಹಾನಿ ಅಂತಲೇ ಕಾಣುತ್ತದೆ.

ಬಿಸಿಲಿನ ವಿಷಯವೂ ಇದೆ. ಸಿಂಗಾಪುರದಲ್ಲಿ ನಾಲ್ಕು ಜಾತಿಯ ಇಂಥ ಕಣಜಗಳನ್ನು ಪರೀಕ್ಷಿಸಿ 2013ರಲ್ಲಿ ಒಂದು ಅಧ್ಯಯನ ಬಂತು. ಈಗಿನ ಉಷ್ಣತೆಗಿಂತ ಮೂರು ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಏರಿದರೆ ಅವುಗಳ ಆಯಸ್ಸು ಗಣನೀಯವಾಗಿ ಕಮ್ಮಿಯಾಗುತ್ತದೆ ಎಂದು ಅದು ಹೇಳಿತು. ಮೊದಲೇ ಇರುವುದು ಎರಡು ದಿನ. ಅದರಲ್ಲೂ ಮುರಿದುಕೊಂಡರೆ ಮರಗಳ ನಡುವಿನ ದೂರ ಇನ್ನೂ ಭಾರವಾಗುತ್ತದೆ.

ಈ ನಂಟು ಎಷ್ಟು ಖಚಿತ ಅನ್ನುವುದಕ್ಕೆ ತಿರುಗುಮುರುಗಿನ ಉದಾಹರಣೆಯೊಂದು ಅಮೆರಿಕದ ಫ್ಲಾರಿಡಾದಲ್ಲಿದೆ. ನಮ್ಮ ಏಷ್ಯಾ ಕಡೆಯ ಒಂದು ಗೋಳಿ ಜಾತಿ, ಫೈಕಸ್ ಮೈಕ್ರೋಕಾರ್ಪಾ, ಅಲ್ಲಿಗೆ ನೆರಳಿನ ಮರವಾಗಿ ಹೋಗಿತ್ತು. ದಶಕಗಳ ಕಾಲ ಅದರ ಒಂದು ಬೀಜವೂ ಮೊಳೆಯಲಿಲ್ಲ. ಕಣಜ ಇರಲಿಲ್ಲವಲ್ಲ! 1970ರ ದಶಕದಲ್ಲಿ ಹೇಗೋ ಅದರ ಕಣಜವೂ ಅಲ್ಲಿಗೆ ತಲುಪಿತು. ಅಲ್ಲಿಂದ ಮುಂದೆ ಕಟ್ಟಡದ ಬಿರುಕು, ಸೇತುವೆ, ಬೇರೆ ಮರದ ಕವಲು ಎಲ್ಲೆಂದರಲ್ಲಿ ಗೋಳಿಸಸಿ. ಈಗ ಅಲ್ಲಿ ಅದು ಕಳೆ. ಮರ ಅದೇ, ಮಣ್ಣು ಅದೇ. ಒಂದು ಪುಟ್ಟ ಹುಳು ಬಂದದ್ದಷ್ಟೇ ವ್ಯತ್ಯಾಸ.

ಅತ್ತಿ ಎಲ್ಲರಿಗೂ ಗೊತ್ತಿರುವ ಮರ. ಹೆಚ್ಚಿನವರು ಗಮನಿಸದೆ ದಾಟಿಹೋಗುವ ಒಂದು ಮರ ಕೊಡಗಿನ ಮಾಕುಟ್ಟ, ಸಂಪಾಜೆ ಕಡೆಯ ಮಳೆಕಾಡಿನಲ್ಲಿದೆ. ಹಂಬೋಲ್ಟಿಯಾ ಬ್ರುನೋನಿಸ್. ಕನ್ನಡದಲ್ಲಿ ಹಾಸಿಗೆ ಮರ ಅಂತಾರೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುವ ಚಿಕ್ಕ ಮರ. ಅದರ ಒಂದು ರೆಂಬೆಯನ್ನು ಹತ್ತಿರ ಎಳೆದು ನೋಡಿ. ಎಲೆಯಿಂದ ಎಲೆಗೆ ನಡುವಿನ ಗಣ್ಣು ಕೆಲವು ಕಡೆ ಊದಿಕೊಂಡಿರುತ್ತದೆ, ಒಳಗೆ ಟೊಳ್ಳು. ಪಕ್ಕದಲ್ಲಿ ಒಂದು ಸೀಳು, ಬಾಗಿಲಿನ ಹಾಗೆ. ಯಾರೂ ಕೊರೆದದ್ದಲ್ಲ, ಮರವೇ ಬಿಟ್ಟುಕೊಂಡದ್ದು. ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಒಳಗಿಂದ ಇರುವೆಗಳು ಸಾಲುಗಟ್ಟಿ ಹೊರಬರುತ್ತವೆ. ಎಲೆಯ ಮೇಲೂ ಹೂಗೊಂಚಲಿನ ಹತ್ತಿರವೂ ಸಣ್ಣ ಗ್ರಂಥಿಗಳಿಂದ ಸಿಹಿರಸ ಒಸರುತ್ತದೆ. ಬಾಡಿಗೆಯಿಲ್ಲದ ಮನೆ, ಜೊತೆಗೆ ಊಟ. ಬದಲಿಗೆ ಇರುವೆ ಎಳೆ ಎಲೆಯನ್ನು ಹುಳುಗಳಿಂದ ಕಾಯಬೇಕು.

ಪುಸ್ತಕದ ಪ್ರಕಾರ ಹೀಗೆ. ಕಾಡಿನಲ್ಲಿ ಇಷ್ಟು ಸರಳವಿಲ್ಲ. ಆ ಗೂಡುಗಳಲ್ಲಿ ಬಂದು ಕೂರುವ ಇರುವೆ ಜಾತಿ ಹಲವು. ಕೆಲವು ಚೆನ್ನಾಗಿ ಕಾವಲು ಕಾಯುತ್ತವೆ. ಕೆಲವು ಸುಮ್ನೆ ಉಂಡು ಮಲಗುತ್ತವೆ. ಒಂದು ಜಾತಿಯಂತೂ ಮರದ ಹೂವನ್ನೇ ಕಡಿದು ಹಾಳುಮಾಡುತ್ತದೆ. ಹಾಗಾದರೆ ಮರ ಯಾಕೆ ಇವಕ್ಕೆಲ್ಲ ಮನೆ ಕೊಟ್ಟಿದೆ? ಒಂದು ಉತ್ತರ ಇರುವೆಯ ಕಸದಲ್ಲಿದೆ. ಟೊಳ್ಳಿನಲ್ಲಿ ಬಿದ್ದ ಹಿಕ್ಕೆ, ಸತ್ತ ಹುಳುಗಳ ಚೂರು ಇವುಗಳ ಸಾರವನ್ನು ಮರ ಒಳಗಿನ ಗೋಡೆಯಿಂದಲೇ ಹೀರಿಕೊಳ್ಳುತ್ತದೆ. ಮನೆಯೇ ಗೊಬ್ಬರದ ಗುಂಡಿ. ಆಶ್ಚರ್ಯ ಅಂದರೆ ಈ ಗೂಡುಗಳಲ್ಲಿ ಮರ ಹತ್ತಿ ಬಂದ ಎರೆಹುಳುವೂ ಇರುತ್ತದೆ, ಅದರ ಗೊಬ್ಬರವೂ ಮರಕ್ಕೇ. ಜೊತೆಗೆ ಇನ್ನೊಬ್ಬ ಬಾಡಿಗೆದಾರ ಇದ್ದಾನೆ. ಬ್ರೌನ್ಸಾಪಿಸ್ ಎಂಬ ಪುಟ್ಟ ಜೇನ್ನೊಣದ ಜಾತಿ. ಅದು ಗೂಡು ಮಾಡುವುದು ಇದೇ ಟೊಳ್ಳಿನಲ್ಲಿ. ಈ ಮರದ ಹೂವಿಗೆ ಮುಖ್ಯವಾಗಿ ಪರಾಗ ಮುಟ್ಟಿಸುವುದೂ ಅದೇ.

ಒಂದು ರೆಂಬೆಯೊಳಗೆ ಕಾವಲುಗಾರ, ಸೋಮಾರಿ, ಕಳ್ಳ, ಗೊಬ್ಬರ ಕೊಡುವವನು, ಕಾಯಿ ಕಟ್ಟಿಸುವವನು ಎಲ್ಲರೂ ಒಟ್ಟಿಗೆ ಸಂಸಾರ ಮಾಡುತ್ತಿದ್ದಾರೆ. ಈ ಮರದ ಬೀಜ ತಂದು ನರ್ಸರಿಯಲ್ಲಿ ಹಾಕಿದರೆ ಸಸಿ ಬರುತ್ತದೆ. ಆ ಸಂಸಾರ ಪಾಲಿಥೀನ್ ಚೀಲದಲ್ಲಿ ಬರುವುದಿಲ್ಲ. ಸಸಿಯನ್ನು ಕಾಡಿನ ಅಂಚಿನಲ್ಲಿ ನೆಟ್ಟರೆ ಅವು ನಿಧಾನಕ್ಕೆ ನಡೆದು, ಹಾರಿ ಬಂದಾವು. ಇಪ್ಪತ್ತು ಮೈಲಿ ದೂರದ ಬೋಳು ಗುಡ್ಡದಲ್ಲಿ ನೆಟ್ಟರೆ ಯಾರು ಬರುತ್ತಾರೆ?

ಇಲ್ಲಿಯವರೆಗೆ ಮರಕ್ಕೆ ಉಪಕಾರ ಮಾಡುವ ಹುಳುಗಳ ಮಾತಾಯಿತು. ಮರವನ್ನು ತಿನ್ನುವ ಹುಳುವಿನ ಬಗ್ಗೆ ನಮಗೆ ಪ್ರೀತಿ ಇಲ್ಲ, ಸಹಜ. ಆದರೆ ಕಾಡು ಕಾಡಾಗಿ ಉಳಿದಿರುವುದರಲ್ಲಿ ಅದರ ಪಾಲು ಸಣ್ಣದಲ್ಲ. ಒಂದು ಮಳೆಕಾಡಿನಲ್ಲಿ ಒಂದು ಹೆಕ್ಟೇರ್‌ಗೆ ಹತ್ತಾರು ಜಾತಿಯ ಮರ ಯಾಕೆ? ಗೆದ್ದ ಒಂದೇ ಜಾತಿ ಎಲ್ಲವನ್ನೂ ಯಾಕೆ ಆಕ್ರಮಿಸುವುದಿಲ್ಲ? 1970ರಲ್ಲಿ ಪರಿಸರ ವಿಜ್ಞಾನಿ ಡೇನಿಯಲ್ ಜಾನ್ಜೆನ್, 1971ರಲ್ಲಿ ಇನ್ನೊಬ್ಬ ಪರಿಸರ ವಿಜ್ಞಾನಿ ಜೋಸೆಫ್ ಕಾನೆಲ್, ಇಬ್ಬರೂ ಬೇರೆ ಬೇರೆಯಾಗಿ ಒಂದೇ ಉತ್ತರ ಕೊಟ್ಟರು. ತಾಯಿಮರದ ಕೆಳಗೆ ಅದರದೇ ಬೀಜ, ಅದರದೇ ಸಸಿ ರಾಶಿ ಬೀಳುತ್ತದೆ. ಆ ಜಾತಿಯನ್ನೇ ತಿನ್ನುವ ಹುಳುಗಳೂ ಶಿಲೀಂಧ್ರಗಳೂ ಅಲ್ಲೇ ರಾಶಿ ಇರುತ್ತವೆ. ಅಲ್ಲಿ ಬಿದ್ದ ಸಸಿ ಬದುಕುವುದು ಕಷ್ಟ. ದೂರ ಬಿದ್ದದ್ದು ಬದುಕುತ್ತದೆ. ತಾಯಿಯ ಕಾಲ ಕೆಳಗೆ ಖಾಲಿಯಾದ ಜಾಗಕ್ಕೆ ಬೇರೆ ಜಾತಿ ಬರುತ್ತದೆ. ಮಧ್ಯ ಅಮೆರಿಕದ ಬೆಲೀಜ್‌ನಲ್ಲಿ ಇದನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಡಿನ ನೆಲಕ್ಕೆ ಶಿಲೀಂಧ್ರನಾಶಕ ಹೊಡೆದ ಕಡೆ ಸಸಿಗಳ ವೈವಿಧ್ಯ ನೂರಕ್ಕೆ 16ರಷ್ಟು ಕಮ್ಮಿಯಾಯಿತು. ಕೀಟನಾಶಕ ಹೊಡೆದ ಕಡೆ ಯಾವ ಜಾತಿ ಗೆಲ್ಲುತ್ತದೆ ಅನ್ನುವುದೇ ಬದಲಾಗಿಹೋಯಿತು. ಎಲೆ ತಿನ್ನುವ ಹುಳು ಕಾಡಿನಲ್ಲಿ ತೋಟಗಾರನ ಕೆಲಸ ಮಾಡುತ್ತದೆ ಅಂದರೆ ತಪ್ಪಿಲ್ಲ.

ಈ ತೋಟಗಾರನನ್ನು ಧಿಕ್ಕರಿಸಿ ಒಂದೇ ಜಾತಿಯ ಮರವನ್ನು ಸಾಲಾಗಿ ನೆಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಸಾಗುವಾನಿ ನೆಡುತೋಪು ನೋಡಬೇಕು. ಮುಂಗಾರಿಗೆ ಸ್ವಲ್ಪ ಮೊದಲು ಎಳೆ ಎಲೆ ಬರುವ ಹೊತ್ತಿಗೆ ಹೈಬ್ಲಿಯಾ ಎಂಬ ಪತಂಗದ ಮರಿಗಳು ಕೋಟಿಗಟ್ಟಲೆ ಎದ್ದು ಗುಡ್ಡಗುಡ್ಡವನ್ನೇ ಬೋಳಿಸುತ್ತವೆ. ಕೇರಳದ ನಿಲಂಬೂರಿನಲ್ಲಿ ಅಲ್ಲಿನ ಅರಣ್ಯ ಸಂಶೋಧನಾ ಸಂಸ್ಥೆಯ ಕೆ.ಎಸ್.ಎಸ್. ನಾಯರ್ ಮತ್ತು ಜೊತೆಯವರು ಲೆಕ್ಕ ಹಾಕಿದಾಗ, ಈ ಹುಳುವಿನಿಂದ ಎಳೆಯ ತೋಪುಗಳಲ್ಲಿ ಆಗಬೇಕಾದ ಬೆಳವಣಿಗೆಯ ನೂರಕ್ಕೆ 44ರಷ್ಟು ನಷ್ಟವಾಗುತ್ತಿತ್ತು. ಕಾಡಿನಲ್ಲಿ ಚದುರಿ ನಿಂತ ಸಾಗುವಾನಿಗೂ ಇದೇ ಹುಳು ಬರುತ್ತದೆ. ಆದರೆ ಅಲ್ಲಿ ಮರದಿಂದ ಮರಕ್ಕೆ ದೂರ ಜಾಸ್ತಿ, ಹುಳು ತಿನ್ನುವ ಹಕ್ಕಿ, ಕಣಜಗಳೂ ಜಾಸ್ತಿ.

ಇನ್ನೊಂದು ತುದಿ ಅಕೇಶಿಯಾ. ಮಲೆನಾಡಿನ ಗುಡ್ಡಗಳ ಮೇಲೆ ಆಸ್ಟ್ರೇಲಿಯಾ ಕಡೆಯ ಈ ಮರ ಬೇಕಾದಷ್ಟಿದೆ. ಅದರ ಎಲೆಯನ್ನು ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಒಂದು ಸಣ್ಣ ತೂತು ಕಂಡರೆ ಹೆಚ್ಚು. ನೆಟ್ಟವರಿಗೆ ಇದು ಸಂತೋಷದ ವಿಷಯ, ರೋಗವಿಲ್ಲ ಹುಳವಿಲ್ಲ. ಆದರೆ ತೂತಿಲ್ಲದ ಎಲೆ ಅಂದರೆ ಆ ಮರ ಇಲ್ಲಿ ಯಾರಿಗೂ ಸೇರಿಲ್ಲ ಅಂತ. ಹುಳು ಇಲ್ಲದಿದ್ದರೆ ಮರಿಗೆ ಹುಳು ತಿನ್ನಿಸುವ ಹಕ್ಕಿಗೆ ಅಲ್ಲೇನು ಕೆಲಸ? ಅಮೆರಿಕದ ವಾಷಿಂಗ್ಟನ್ ಸುತ್ತಮುತ್ತ ಮನೆಗಳ ಅಂಗಳದಲ್ಲಿ ಚಿಕಡೀ ಎಂಬ ಪುಟ್ಟ ಹಕ್ಕಿಯನ್ನು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಅಂಗಳದ ಗಿಡಮರಗಳಲ್ಲಿ ಅಲ್ಲಿನ ನಾಡಜಾತಿಗಳು ನೂರಕ್ಕೆ 70ಕ್ಕಿಂತ ಕಮ್ಮಿಯಾದರೆ ಆ ಹಕ್ಕಿಯ ಸಂತತಿ ಉಳಿಯುವಷ್ಟು ಮರಿಗಳು ಏಳುವುದಿಲ್ಲ. ಹಸಿರೇನೋ ಇರುತ್ತದೆ, ಹುಳು ಇರುವುದಿಲ್ಲ. ನಮ್ಮ ಅಕೇಶಿಯಾ ತೋಪಿನ ಮೌನಕ್ಕೂ ಇದೇ ಕಾರಣವಿರಬೇಕು ಅಂತ ನನಗನ್ನಿಸುತ್ತದೆ.

ಲಂಟಾನದ ಕಥೆ ಇದಕ್ಕಿಂತ ಕಹಿ. 1800ರ ದಶಕದ ಶುರುವಿನಲ್ಲಿ ಕಲ್ಕತ್ತೆಗೆ ಹೂಗಿಡವಾಗಿ ಬಂದದ್ದು. 2020ರ ಒಂದು ಅಧ್ಯಯನದ ಪ್ರಕಾರ ಭಾರತದ ಹುಲಿ ಕಾಡುಗಳಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಭಾಗದಲ್ಲಿ, ಒಂದೂವರೆ ಲಕ್ಷ ಚದರ ಕಿಲೋಮೀಟರ್‌ಗೂ ಹೆಚ್ಚು ಜಾಗದಲ್ಲಿ ಅದು ಇದೆ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲಿ ನೋಡಿದ ತಾಕುಗಳಲ್ಲಿ ನೂರಕ್ಕೆ 41ರಲ್ಲಿ ಲಂಟಾನ ಇತ್ತು. 2008ರಲ್ಲಿ ಅದೇ ಕಾಡಿನಲ್ಲಿ 81. ಹನ್ನೊಂದೇ ವರ್ಷದಲ್ಲಿ ದುಪ್ಪಟ್ಟು!

ಲಂಟಾನ ಪೊದೆಯ ಸುತ್ತ ಚಿಟ್ಟೆಗಳು ತುಂಬಿರುತ್ತವೆ. ಅದನ್ನು ನೋಡಿ ಚಿಟ್ಟೆಗೆ ಒಳ್ಳೆಯದೇ ಅಲ್ವಾ ಅನ್ನುವವರಿದ್ದಾರೆ. ಚಿಟ್ಟೆಗೆ ಎರಡು ಬಗೆಯ ಗಿಡ ಬೇಕು. ಒಂದು, ಮಕರಂದ ಕುಡಿಯಲು. ಇನ್ನೊಂದು, ಮೊಟ್ಟೆ ಇಟ್ಟು ಮರಿ ಬೆಳೆಸಲು. ಮಕರಂದಕ್ಕೆ ಚಿಟ್ಟೆ ಎಲ್ಲಿ ಬೇಕಾದರೂ ಹೋಗುತ್ತದೆ. ಮರಿಗೆ ಹಾಗಲ್ಲ. ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್, ಅಂಗೈಗಿಂತ ಅಗಲದ ಕಪ್ಪು ಹಳದಿ ಚಿಟ್ಟೆ, ಲಂಟಾನದ ಮೇಲೆ ಚೆನ್ನಾಗಿ ಕೂರುತ್ತದೆ. ಮೊಟ್ಟೆ ಇಡುವುದು ಮಾತ್ರ ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ನೆಂಟರ ಮೇಲೆ. ಈಶ್ವರಿ ಬಳ್ಳಿಯಲ್ಲಿ ವಿಷ ಇದೆ. ಮರಿ ಅದನ್ನು ತಿಂದು ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಹಕ್ಕಿಗಳಿಗೆ ಅದು ರುಚಿಸುವುದಿಲ್ಲ. ಗಿಡದ ರಕ್ಷಣೆಯನ್ನೇ ತನ್ನ ರಕ್ಷಣೆ ಮಾಡಿಕೊಂಡ ಚಿಟ್ಟೆ ಇದು. ಲಂಟಾನ ಕವಿದು ನೆಲದ ಬಳ್ಳಿ, ಗಿಡಗಳು ಸತ್ತ ಕಡೆ ಚಿಟ್ಟೆಗೆ ಹೋಟೆಲ್ ಉಳಿಯುತ್ತದೆ, ಮನೆ ಹೋಗುತ್ತದೆ.

ಲಂಟಾನ ಇಲ್ಲಿ ಗೆದ್ದಿರುವುದು ಇದೇ ನಂಟಿನ ಲೆಕ್ಕದಿಂದ. ಹೂವಿಗೆ ಚಿಟ್ಟೆ ಸಿಕ್ಕಿತು, ಹಣ್ಣು ಹರಡಲು ಪಿಕಳಾರ ಹಕ್ಕಿ ಸಿಕ್ಕಿತು. ತವರಿನಲ್ಲಿ ಅದನ್ನು ತಿನ್ನುತ್ತಿದ್ದ ಹುಳುಗಳು ಹಿಂದೆಯೇ ಉಳಿದವು. ಅವನ್ನು ತಂದು ಬಿಟ್ಟರಾಯಿತಲ್ಲ ಎಂಬ ಯೋಚನೆ ಹೊಸದಲ್ಲ. ಹವಾಯಿಯಲ್ಲಿ 1902ರಲ್ಲೇ ಶುರುವಾಯಿತು. ಭಾರತಕ್ಕೆ 1921ರಲ್ಲಿ ಲಂಟಾನದ ಬೀಜ ತಿನ್ನುವ ನೊಣ ತಂದರು. 1941ರಲ್ಲಿ ಎಲೆಯ ರಸ ಹೀರುವ ಒಂದು ತಿಗಣೆ ತಂದರು. ಪರೀಕ್ಷೆಯಲ್ಲಿ ಅದು ಸಾಗುವಾನಿ ಹೂವಿಗೂ ಬಾಯಿ ಹಾಕಬಹುದು ಅಂತ ಕಂಡು ಸಾಕಿದ್ದನ್ನೆಲ್ಲ ನಾಶ ಮಾಡಿದರು. ಅಷ್ಟರಲ್ಲಿ ಒಂದಷ್ಟು ತಪ್ಪಿಸಿಕೊಂಡು ಹೊರಗೆ ಹರಡಿಯಾಗಿತ್ತು. ಸಾಗುವಾನಿಗೆ ದೊಡ್ಡ ತೊಂದರೆಯಾಗಲಿಲ್ಲ, ಲಂಟಾನಕ್ಕೂ ಆಗಲಿಲ್ಲ.

ಅದೇ ಉಪಾಯ ಪಾಪಾಸುಕಳ್ಳಿಯ ಮೇಲೆ ಅದ್ಭುತವಾಗಿ ಫಲಿಸಿತ್ತು. 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಕಿರಮಂಜಿ ಬಣ್ಣ ಮಾಡಲು ಬ್ರೆಜಿಲ್‌ನಿಂದ ಹುಳು ತರಿಸಿದರು. ಬಂದದ್ದು ಬೇರೆ ಜಾತಿ, ಬಣ್ಣಕ್ಕೆ ಆಗಲಿಲ್ಲ. ಆದರೆ ಅದು ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸಿತು. ಹುಳು ಬಿಟ್ಟು ಕಳೆ ಹತೋಟಿ ಮಾಡಿದ ಜಗತ್ತಿನ ಮೊದಲ ಉದಾಹರಣೆ ಅಂತ ಇದನ್ನು ಹೇಳುತ್ತಾರೆ. ಇನ್ನೊಂದು ಜಾತಿಯ ಪಾಪಾಸುಕಳ್ಳಿಗೆ ಆ ಹುಳು ನಾಟಲಿಲ್ಲ. 1926ರಲ್ಲಿ ಅದರ ಹತ್ತಿರದ ಇನ್ನೊಂದು ಹುಳುವನ್ನು ಶ್ರೀಲಂಕಾದಿಂದ ತಂದಾಗ ದಕ್ಷಿಣ ಭಾರತದ ಎಷ್ಟೋ ಜಮೀನು ಮತ್ತೆ ಬಿಡುಗಡೆಯಾಯಿತು. ಒಂದು ಕಳ್ಳಿಗೆ ಒಂದು ಹುಳು, ಪಕ್ಕದ ಕಳ್ಳಿಗೆ ಬೇರೆ ಹುಳು. ನಂಟು ಅಷ್ಟು ಖಚಿತ.

ಲಂಟಾನದಲ್ಲಿ ಸೋತದ್ದೂ ಅದಕ್ಕೇ. ಅದು ಕಾಡಿನ ಒಂದು ಜಾತಿಯಲ್ಲ. ಯುರೋಪಿನ ತೋಟಗಳಲ್ಲಿ ಬೇರೆ ಬೇರೆ ತಳಿ ಬೆರೆಸಿ ಮಾಡಿದ ಹೂಗಿಡ. ಒಂದು ತಳಿಗೆ ಒಗ್ಗಿದ ಹುಳು ಇನ್ನೊಂದನ್ನು ಮುಟ್ಟುವುದಿಲ್ಲ. ಎಲೆಯೆಲ್ಲ ಉದುರಿದರೂ ಬುಡದಿಂದ ಮತ್ತೆ ಚಿಗುರುತ್ತದೆ. ಏಳೂವರೆ ಕೋಟಿ ವರ್ಷದಲ್ಲಿ ಅತ್ತಿ ಮತ್ತು ಕಣಜ ಕಟ್ಟಿಕೊಂಡ ನಂಟಿನಂಥದ್ದು ಇನ್ನೂರು ವರ್ಷದ ಹೂಗಿಡಕ್ಕೆ ಇಲ್ಲ. ಅದಕ್ಕೆ ಗೆಳೆಯರು ಬೇಗ ಸಿಕ್ಕರು, ಎದುರಾಳಿ ಸಿಕ್ಕಿಲ್ಲ.

ಬಿಳಿಗಿರಿಯ ಸೋಲಿಗರು ಇನ್ನೊಂದು ಕಾರಣ ಹೇಳುತ್ತಾರೆ. ಹಿಂದೆ ಬೇಸಿಗೆಯ ಶುರುವಿನಲ್ಲೇ ಅವರು ತರಗು ಬೆಂಕಿ ಹಾಕುತ್ತಿದ್ದರು. ಒಣಗಿದ ತರಗೆಲೆ ಮಾತ್ರ ಸುಡುವ ತೆಳು ಬೆಂಕಿ. ಅದು ನಿಂತ ಮೇಲೆ ಲಂಟಾನ ಏರಿತು ಅಂತ ಅವರ ಅನುಭವ. ಕಾಡಿನಲ್ಲೇ ಹುಟ್ಟಿ ಬೆಳೆದವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಈಗ ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದೇ ಲಂಟಾನದ ಕಡ್ಡಿಯಿಂದ ಕುರ್ಚಿ, ಆನೆ ಮಾಡಿ ಮಾರುತ್ತಿದ್ದಾರೆ. ಅದರಿಂದ ಮನೆಗೆ ದುಡ್ಡು ಬರುತ್ತದೆ, ಒಳ್ಳೆಯದು. ಕಾಡು ಖಾಲಿಯಾಗಲು ಅದೊಂದೇ ಸಾಲದು.

ಕಾಡಿನ ಹುಳು ಕಾಡಿನ ಒಳಗೇ ಇರುವುದೂ ಇಲ್ಲ. ಕೊಡಗಿನ ರೊಬಸ್ಟಾ ಕಾಫಿ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟಲಾರದು. ಹೂಮಳೆ ಬಿದ್ದ ಮೇಲೆ ತೋಟವೆಲ್ಲ ಬೆಳ್ಳಗಾಗುವುದು ಒಂದೆರಡು ದಿನ ಅಷ್ಟೇ. ಆ ದಿನಗಳಲ್ಲಿ ಹೆಚ್ಚು ಕೆಲಸ ಮಾಡುವುದು ಹೆಜ್ಜೇನು. ಅದನ್ನು ಪೆಟ್ಟಿಗೆಯಲ್ಲಿ ಸಾಕಲಾಗುವುದಿಲ್ಲ. ಎತ್ತರದ ಹಳೆಯ ಮರದ ಕೊಂಬೆ ಬೇಕು, ಬಂಡೆ ಬೇಕು, ಕಾಫಿ ಹೂ ಉದುರಿದ ಮೇಲೆ ಉಳಿದ ತಿಂಗಳುಗಳಿಗೆ ಕಾಡಿನ ಹೂ ಬೇಕು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಗತಿ 1991-92ರಲ್ಲಿ ನೋಡಿದ್ದೇವೆ. ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ 90ರಷ್ಟು ನಾಶವಾದವು. ಆಗ ಖಾಲಿ ಪೆಟ್ಟಿಗೆ ಅಟ್ಟಕ್ಕೆ ಹಾಕಿದವರು ಎಷ್ಟೋ ಜನ. ಮತ್ತೆ ತುಂಬಿಕೊಂಡದ್ದು ಬದುಕುಳಿದ ಕುಟುಂಬಗಳಿಂದ. ಅಂಥವು ಮರದ ಪೊಟರೆಯಲ್ಲಿ, ಹುತ್ತದಲ್ಲಿ ಉಳಿಯಬೇಕಾದರೆ ಮೊದಲು ಪೊಟರೆ ಬೇಕು.

ಹಾಗಾದರೆ ಗಿಡ ನೆಡುವುದೇ ಬೇಡವೇ? ಬೇಕು, ಹಾಳಾದ ಕಡೆ ನೆಡಲೇಬೇಕು. ಆದರೆ ಈಗಿನ ಕ್ರಮದಲ್ಲಿ ಅದನ್ನು ಅಳೆಯುವ ಕೋಲು ತಪ್ಪಾಗಿದೆ. ನೆಡುತೋಪು ನೋಡಲು ಬರುವವರು ಬರೆದುಕೊಳ್ಳುವುದು ನೆಟ್ಟ ಗಿಡ ಎಷ್ಟು, ಬದುಕಿದ್ದು ಎಷ್ಟು. ಈ ಕೋಲಿನಲ್ಲಿ ಅಕೇಶಿಯಾಕ್ಕೆ ಪೂರ್ತಿ ಅಂಕ ಬರುತ್ತದೆ. ಹುಳು ಕಡಿದು ಅರ್ಧ ಎಲೆ ಕಳೆದುಕೊಂಡ ಒಂದು ಬಸರಿ ಸಸಿಗೆ ಅಂಕ ಕಮ್ಮಿ. ನಾನಾಗಿದ್ದರೆ ಉಲ್ಟಾ ಕೊಡುತ್ತಿದ್ದೆ.

ಸರಿಯಾಗಿ ಮಾಡಿದ ಉದಾಹರಣೆಗಳೂ ಇವೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಉತ್ತರಾಖಂಡದ ಕಾರ್ಬೆಟ್ ಹುಲಿ ಕಾಡಿನಲ್ಲಿ ಲಂಟಾನದ ಬುಡವನ್ನು ಮಣ್ಣಿನ ಸ್ವಲ್ಪ ಕೆಳಗೆ ಕಡಿದು ಬೋರಲು ಹಾಕುವ ಕ್ರಮ ತೋರಿಸಿದರು. ಬೇರು ಕಿತ್ತು ಮಣ್ಣು ಕೆದಕುವುದಿಲ್ಲ, ಹಾಗಾಗಿ ಹೊಸ ಬೀಜ ಮೊಳೆಯುವುದು ಕಮ್ಮಿ. ಆಮೇಲೆ ಅಲ್ಲಿನದೇ ಹುಲ್ಲು ಹಾಕಿದರು. ತಮಿಳುನಾಡಿನ ವಾಲ್ಪಾರೈನಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಚಹಾ ತೋಟಗಳ ನಡುವೆ ಉಳಿದ ಕಾಡಿನ ತುಂಡುಗಳಲ್ಲಿ ಲಂಟಾನ ತೆಗೆದು ಅಲ್ಲಿನ ಮಳೆಕಾಡಿನ ಹತ್ತಾರು ಜಾತಿಗಳನ್ನೇ ನೆಡುತ್ತಾ ಬಂದಿದ್ದಾರೆ. ಪಕ್ಕದಲ್ಲೇ ಜೀವಂತ ಕಾಡು ಇರುವುದರಿಂದ ಹುಳು, ಇರುವೆಗಳಿಗೆ ದಾರಿ ಹತ್ತಿರ. ಇದು ನಿಧಾನದ ಕೆಲಸ, ಸಣ್ಣ ಸಣ್ಣ ತುಂಡಿನ ಕೆಲಸ. ದೊಡ್ಡ ಯೋಜನೆಯಲ್ಲಿ ಕಳೆದ ಕಾಡನ್ನು ಇದರಿಂದ ತುಂಬಿಸಿಬಿಡುತ್ತೇವೆ ಅಂತ ಆ ಕೆಲಸ ಮಾಡುವವರೂ ಹೇಳುವುದಿಲ್ಲ. ನಿಂತ ಕಾಡನ್ನು ಕಡಿಯದಿರುವುದಕ್ಕೆ ಬದಲಿ ಇಲ್ಲ. ಕಡಿಯಲೇಬೇಕಾದರೆ ಕಡಿದದ್ದಕ್ಕೆ ಅಂಟಿಕೊಂಡ ತುಂಡಿನಲ್ಲೇ, ಅಲ್ಲಿನ ಬೀಜದಿಂದಲೇ ಗಿಡ ಏಳಿಸಬೇಕು. ಯಾವುದೋ ಜಿಲ್ಲೆಯ ಕಂದಾಯ ಗುಡ್ಡದಲ್ಲಿ ಗುಂಡಿ ತೋಡಿ ಫೋಟೋ ತೆಗೆದರೆ ಆಗದು.

ಪರಿಶೀಲನೆಗೆ ಬರುವವರ ನಮೂನೆಗೆ ಒಂದೆರಡು ಸಾಲು ಸೇರಿಸುವುದು ಕಷ್ಟವಲ್ಲ. ಎಲೆಯಲ್ಲಿ ತೂತು ಇದೆಯಾ? ರೆಂಬೆಯ ಮೇಲೆ ಎಷ್ಟು ಬಗೆಯ ಇರುವೆ ಇದೆ? ಸುತ್ತಲಿನ ಅತ್ತಿ, ಗೋಳಿ, ಬಸರಿಗಳಲ್ಲಿ ಯಾವುದು ಯಾವ ತಿಂಗಳು ಕಾಯಿ ಬಿಡುತ್ತದೆ, ವರ್ಷದಲ್ಲಿ ಖಾಲಿ ತಿಂಗಳು ಯಾವುದು? ಊರಿನ ಯಾರನ್ನು ಕೇಳಿದರೂ ಮರ ತೋರಿಸಿ ಹೇಳುತ್ತಾರೆ. ಬಲಿತ ಅತ್ತಿಕಾಯಿಯ ಮೇಲೆ ಕಣಜ ಹೊರಬಂದ ತೂತು ಇದೆಯಾ ಅಂತ ನೋಡುವುದಕ್ಕೆ ಭೂತಗನ್ನಡಿಯೂ ಬೇಡ. ಬೆಳಗ್ಗೆ ಹೊತ್ತು ಮರದ ಕೆಳಗೆ ಐದು ನಿಮಿಷ ನಿಂತರೆ ಸಾಕು.